ಎಥನಾಲ್ ಅಂದ್ರೆ ಬರೀ ಮೈಲೇಜ್ ಅಲ್ಲ, ಯೀಸ್ಟ್ ಕಡೆನೂ ನೋಡಿ

ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್ ಬಂದಾಗಿಂದ ಎಲ್ಲಿ ಹೋದ್ರೂ ಮೈಲೇಜ್ ಮಾತೇ. ತಪ್ಪೇನಲ್ಲ ಬಿಡಿ, ಲೀಟರಿಗೆ ಲೀಟರ್ ನೋಡಿದ್ರೆ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಮ್ಮಿ, ಸ್ವಲ್ಪ ಇಳಿದೇ ಇಳಿಯತ್ತೆ. ಆದ್ರೆ ಸಕ್ಕರೆ ತಿಂದು ಆ ಎಥನಾಲ್ ಅನ್ನೋ ಆಲ್ಕೋಹಾಲ್ ಮಾಡಿಕೊಡೋ ಸೂಕ್ಷ್ಮಜೀವಿ ಯೀಸ್ಟ್ ಬಗ್ಗೆ ಒಬ್ರೂ ಮಾತಾಡಲ್ವಲ್ಲ, ನಂಗೆ ಅದೇ ಬೇಜಾರು.

ಬೆಳಗಾವಿ, ಬಾಗಲಕೋಟೆ ಕಡೆ ಡಿಸ್ಟಿಲರಿಗಳಲ್ಲಿ ಕಾಕಂಬಿಗೆ (ಸಕ್ಕರೆ ತೆಗೆದ ಮೇಲೆ ಉಳಿಯೋ ಮಂದ ಪಾಕ) ನೀರು ಬೆರೆಸಿ ಯೀಸ್ಟ್ ಬಿಡ್ತಾರೆ. 1 ಕೆಜಿ ಗ್ಲೂಕೋಸ್‌ಗೆ ಹೆಚ್ಚಂದ್ರೆ 511 ಗ್ರಾಂ ಎಥನಾಲ್, ಉಳಿದಿದ್ದು ಕಾರ್ಬನ್ ಡೈಆಕ್ಸೈಡ್ ಆಗಿ ಹೋಗತ್ತೆ. ಇದು ಕಾಗದದ ಮೇಲಿನ ಲೆಕ್ಕ, ಟ್ಯಾಂಕ್ ಒಳಗೆ ಯೀಸ್ಟ್ ತಾನೂ ಬೆಳೀಬೇಕು, ಒಂದಿಷ್ಟು ಗ್ಲಿಸರಾಲ್ ಆಗತ್ತೆ, ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಬ್ಯಾಕ್ಟೀರಿಯಾ ನುಗ್ಗಿತು ಅಂದ್ರೆ ಸಕ್ಕರೆ ಹುಳಿಯಾಗಿ ಹೋಗತ್ತೆ, ಜೊತೆಗೆ ಹುದುಗೋವಾಗ ಬಿಸಿ ಬೇರೆ ಹುಟ್ಟತ್ತೆ, 35 ಡಿಗ್ರಿ ದಾಟಿದ್ರೆ ಯೀಸ್ಟ್ ಸೊರಗೋಕೆ ಶುರು, ನಮ್ಮ ಉತ್ತರ ಕರ್ನಾಟಕದ ಬೇಸಿಗೆಲಿ ಟ್ಯಾಂಕ್ ತಣ್ಣಗಿಡೋದು ಸಣ್ಣ ಕೆಲಸ ಅಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಅಂದ್ರೆ ತಾನು ಮಾಡಿದ ಆಲ್ಕೋಹಾಲೇ ಯೀಸ್ಟ್‌ಗೆ ವಿಷ. ಕಾಕಂಬಿಲಿರೋ ಉಪ್ಪಿನಂಶನೂ ಸೇರ್ಕೊಂಡು ಆಲ್ಕೋಹಾಲ್ 8-10 ಪರ್ಸೆಂಟ್ ಆಗೋ ಹೊತ್ತಿಗೆ ಯೀಸ್ಟ್ ಸುಸ್ತಾಗಿಬಿಡತ್ತೆ. ಅಂದ್ರೆ ಟ್ಯಾಂಕ್‌ನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಇರೋದು ಎಥನಾಲೇ ಅಲ್ಲ! ಅದನ್ನೆಲ್ಲ ಕಾಯಿಸಿ ಬೇರ್ಪಡಿಸಬೇಕು, ಆಮೇಲೆ ಉಳಿಯೋ ಕಂದು ನೀರೇ ಸ್ಪೆಂಟ್ ವಾಶ್, ಲೀಟರ್ ಎಥನಾಲ್‌ಗೆ ಹತ್ತತ್ರ 10 ಲೀಟರ್. ಅದನ್ನ ಬಯೋಗ್ಯಾಸ್ ಮಾಡಿ, ಗಟ್ಟಿ ಮಾಡಿ, ಬಾಯ್ಲರ್‌ಗೆ ಹಾಕಿ ಸುಟ್ಟು ಮುಗಿಸೋಕೆ ಕೋಟಿಗಟ್ಟಲೆ ಖರ್ಚು, ಸರಿಯಾಗಿ ಮಾಡಲಿಲ್ಲ ಅಂದ್ರೆ ಸುತ್ತಲ ಹಳ್ಳ, ಬೋರ್‌ವೆಲ್‌ ಗತಿ ಮುಗೀತು. ಯೀಸ್ಟ್ ಇನ್ನೊಂದು ಮೂರ್ನಾಲ್ಕು ಪರ್ಸೆಂಟ್ ಆಲ್ಕೋಹಾಲ್ ತಡ್ಕೊಂಡ್ರೆ ಸ್ಪೆಂಟ್ ವಾಶೂ ಕಮ್ಮಿ, ಸ್ಟೀಮೂ ಕಮ್ಮಿ. ಅದಕ್ಕೇ ನಾನು ಹೇಳೋದು, ಈ ಮಾಲಿನ್ಯದ ಪ್ರಶ್ನೆ ಅರ್ಧ ಯೀಸ್ಟ್‌ನ ಪ್ರಶ್ನೆನೇ ಅಂತ.

ಇದನ್ನ ಚೆನ್ನಾಗಿ ಅರ್ಥ ಮಾಡ್ಕೊಂಡವರು ಬ್ರೆಜಿಲ್‌ನವರು. 1975ರಲ್ಲಿ ಪ್ರೊಆಲ್ಕೂಲ್ ಅನ್ನೋ ಎಥನಾಲ್ ಇಂಧನ ಯೋಜನೆ ಶುರು ಮಾಡಿದ್ರು, ಅಲ್ಲಿ ಯೀಸ್ಟ್‌ನ ಒಂದೇ ಸಲಕ್ಕೆ ಬಿಸಾಕಲ್ಲ, ಸೆಂಟ್ರಿಫ್ಯೂಜ್‌ನಲ್ಲಿ ತೆಗೆದು, ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಬ್ಯಾಕ್ಟೀರಿಯಾ ಸಾಯೋ ಹಾಗೆ ತೊಳೆದು, ಮತ್ತೆ ಟ್ಯಾಂಕಿಗೆ ಹಾಕ್ತಾರೆ, ಕಬ್ಬು ಅರೆಯೋ ಸೀಸನ್ ಪೂರ್ತಿ ಹಿಂಗೇ. ಯೀಸ್ಟ್ ಅಷ್ಟು ದಟ್ಟವಾಗಿರೋದ್ರಿಂದ 6ರಿಂದ 12 ಗಂಟೆಲಿ ಹುದುಗು ಮುಗಿಯತ್ತೆ.

ಇಲ್ಲೊಂದು ಸೊಗಸಾದ ವಿಷಯ ಇದೆ. ಸೀಸನ್ ಶುರುವಲ್ಲಿ ಬ್ರೆಡ್ ಯೀಸ್ಟ್ ಹಾಕ್ತಿದ್ರು. 1990ರ ದಶಕದಲ್ಲಿ ವಿಜ್ಞಾನಿಗಳು ಯಾವ ತಳಿ ಅಂತ ಗುರುತಿಸೋಕೆ ಟ್ಯಾಂಕ್‌ಗಳಲ್ಲಿದ್ದ ಯೀಸ್ಟ್‌ನ ಕ್ರೋಮೋಸೋಮ್ ನೋಡಿದ್ರೆ, ಹಾಕಿದ್ದು ಕೆಲವೇ ವಾರದಲ್ಲಿ ಮಾಯ, ಎಲ್ಲಿಂದಲೋ ಬಂದ ಕಾಡು ಯೀಸ್ಟ್ ಜಾಗ ಹಿಡ್ಕೊಂಡು ಕೂತಿದೆ. ಆಸಿಡ್, ಬಿಸಿ, ಆಲ್ಕೋಹಾಲ್ ಎಲ್ಲ ತಡ್ಕೊಂಡು ಉಳಿದಿದ್ದನ್ನೇ ಹೆಕ್ಕಿ ಬೆಳೆಸಿದ್ರು, ಉಸೀನಾ ದ ಪೆದ್ರಾ ಅನ್ನೋ ಫ್ಯಾಕ್ಟರಿಯಿಂದ ಬಂದ ಪಿಇ-2 ಅನ್ನೋ ತಳಿ ಹಿಂಗೇ ಸಿಕ್ಕಿದ್ದು, ಇವತ್ತು ಅಲ್ಲಿನ ಎಷ್ಟೋ ಡಿಸ್ಟಿಲರಿಗಳು ನಡೀತಿರೋದು ಅದರ ಮೇಲೆ.

ಬೆಳಗಾವಿಲಿ ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ಪಕ್ಕದ ಪುಣೆಲಿ ಕೈಗಾರಿಕಾ ಸೂಕ್ಷ್ಮಜೀವಿಗಳ ರಾಷ್ಟ್ರೀಯ ಸಂಗ್ರಹನೇ ಇದೆ. ನಮ್ಮ ಕಾಕಂಬಿ, ನಮ್ಮ ಏಪ್ರಿಲ್ ಬಿಸಿಲು ಎರಡನ್ನೂ ತಡ್ಕೊಂಡು ಸೀಸನ್ ಕೊನೆವರೆಗೂ ಉಳಿಯೋ ಯೀಸ್ಟ್ ಯಾವುದು ಅಂತ ಪ್ರತಿ ಫ್ಯಾಕ್ಟರಿ ಟ್ಯಾಂಕಿಂದ ಸ್ಯಾಂಪಲ್ ತೆಗೆದು ಹುಡುಕಬೇಕು, ಸಿಕ್ಕಿದ್ದನ್ನ ಎಲ್ಲ ಡಿಸ್ಟಿಲರಿಗಳಿಗೂ ಹಂಚಬೇಕು. ಹೊಸ ಡಿಸ್ಟಿಲರಿಗೆ ಕೊಡೋ ಸಾಲದ ಬಡ್ಡಿ ರಿಯಾಯಿತಿಲಿ ಒಂದು ಚೂರು ಇದಕ್ಕೆ ಇಟ್ರೂ ಸಾಕು.