ಯು-ಬೂಟ್‌ನಲ್ಲಿ ಸೆಕ್ಯೂರ್ ಬೂಟ್: ಕೀಗಳು ಎಲ್ಲಿ ಉಳಿಯುತ್ತವೆ?

19 ನವೆಂಬರ್ 2024, ಮಂಗಳವಾರ

ಇಎಂಎಂಸಿ (ಫ್ಲ್ಯಾಶ್ ಶೇಖರಣೆ) ಇರುವ 64 ಬಿಟ್ ಆರ್ಮ್ ಬೋರ್ಡು, ಅದರಲ್ಲಿ ಯುಇಎಫ್‌ಐ (ಫರ್ಮ್‌ವೇರಿಗೂ ಆಪರೇಟಿಂಗ್ ಸಿಸ್ಟಂಗೂ ನಡುವಿನ ಮಾನಕ ಕೊಂಡಿ) ಒದಗಿಸುವುದು ಯು-ಬೂಟ್ ಎಂಬ ಬೂಟ್‌ಲೋಡರ್. 2019ರಲ್ಲಿ ಇಬಿಬಿಆರ್ (ಎಂಬೆಡೆಡ್ ಬೋರ್ಡುಗಳ ಬೂಟ್ ಮಾನದಂಡ) ಬಂದ ಮೇಲೆ ಬೋರ್ಡಿಗೊಂದು ಬೂಟ್ ಸ್ಕ್ರಿಪ್ಟ್ ಬರೆಯುವ ಕಾಟ ಬಹುಮಟ್ಟಿಗೆ ತಪ್ಪಿದೆ. ಒಪ್ಪಿದ ಸಹಿಯಿರುವುದನ್ನಷ್ಟೇ ಓಡಲು ಬಿಡುವ ಸೆಕ್ಯೂರ್ ಬೂಟ್ ಮಾತ್ರ ಅಷ್ಟು ಸಲೀಸಲ್ಲ.

ಕೀ ತಯಾರಿ ಪಿಸಿಯಲ್ಲಿ ಮಾಡುವಂತೆಯೇ: ಪಿಕೆ (ಎಲ್ಲಕ್ಕೂ ಮೇಲಿನ ಕೀ), ಕೆಇಕೆ (ಡಿಬಿ ಬದಲಿಸಲು ಬೇಕಾದ ಕೀ), ಡಿಬಿ (ಬೂಟ್ ಇಮೇಜುಗಳಿಗೆ ಒಪ್ಪಿದ ಕೀಗಳ ಪಟ್ಟಿ) ಮೂರಕ್ಕೂ 2048 ಬಿಟ್ ಆರ್‌ಎಸ್‌ಎ. ಪಿಕೆಗೂ ಕೆಇಕೆಗೂ ಪಿಕೆಯ ಸಹಿ, ಡಿಬಿಗೆ ಕೆಇಕೆಯ ಸಹಿ. ಸಹಿಯ ಜೊತೆ ಸಮಯವೂ ಸೇರಿರುತ್ತದೆ. ಮುಂದೆ ಡಿಬಿ ಬದಲಿಸುವಾಗ ಹೊಸ ಸಮಯ ಹಳೆಯದಕ್ಕಿಂತ ಮುಂದಿರಬೇಕು. ಸಹಿ ಹಾಕುವ ಯಂತ್ರದ ಗಡಿಯಾರ ಹಿಂದಿದ್ದರೆ ಕೀ ಸರಿಯಿದ್ದೂ ಫೈಲು ತಿರಸ್ಕೃತವಾಗುತ್ತದೆ.

ನಿಜವಾದ ತೊಡಕು ಶೇಖರಣೆಯದು. ಯು-ಬೂಟ್ ತನ್ನ ಇಎಫ್‌ಐ ವೇರಿಯಬಲ್‌ಗಳನ್ನು (ಉಳಿಸಿಡುವ ಸೆಟ್ಟಿಂಗುಗಳನ್ನು) ಇಎಸ್‌ಪಿ, ಅಂದರೆ ಬೂಟ್ ಫೈಲುಗಳಿರುವ ಪಾರ್ಟಿಷನ್ನಿನ 'ಯುಬೂಟ್‌ಇಎಫ್‌ಐ.ವಾರ್' ಫೈಲಿನಲ್ಲಿಡಬಲ್ಲದು. ಕನ್ಸೋಲಿನಿಂದ ಪಿಕೆ ಸೇರಿಸಿದರೆ ಸೆಕ್ಯೂರ್‌ಬೂಟ್ ಬೆಲೆ 1 ಆಗುತ್ತದೆ, ನೋಡಲು ಎಲ್ಲ ಸರಿ. ರೀಬೂಟ್ ಮಾಡಿದರೆ ಮತ್ತೆ ಸೆಟಪ್ ಮೋಡ್ (ಪಿಕೆ ಇಲ್ಲದ ಸ್ಥಿತಿ), ಸಹಿಯಿಲ್ಲದ ಕರ್ನೆಲ್ಲೂ ಆರಾಮಾಗಿ ಓಡುತ್ತದೆ! ಇದು ಬಗ್ ಅಲ್ಲ. ಆ ಫೈಲನ್ನು ಕಾರ್ಡ್ ರೀಡರ್ ಇರುವ ಯಾರು ಬೇಕಾದರೂ ತಿದ್ದಬಹುದಾದ್ದರಿಂದ ಸೆಕ್ಯೂರ್ ಬೂಟ್ ಕೀಗಳನ್ನು ಯು-ಬೂಟ್ ಅಲ್ಲಿಂದ ಓದುವುದೇ ಇಲ್ಲ.

ಉಳಿಯುವ ದಾರಿ ಎರಡು. ಒಂದು, ಇಎಫ್‌ಐವಾರ್.ಪೈ ಸ್ಕ್ರಿಪ್ಟಿನಿಂದ ಕೀಗಳ ಫೈಲು ಮಾಡಿ, ಪ್ರೀಸೀಡ್ ಆಯ್ಕೆ ಹಾಕಿ, ಯು-ಬೂಟ್ ಬೈನರಿಯೊಳಗೇ ಸೇರಿಸುವುದು. ಸರಳ, ಆದರೆ ಡಿಬಿಎಕ್ಸ್‌ಗೆ (ನಿಷೇಧಿತ ಇಮೇಜು, ಕೀಗಳ ಪಟ್ಟಿಗೆ) ಒಂದು ಹ್ಯಾಶ್ ಸೇರಿಸಬೇಕೆಂದರೂ ಫರ್ಮ್‌ವೇರನ್ನೇ ಹೊಸದಾಗಿ ಬಿಲ್ಡ್ ಮಾಡಬೇಕು. ಎರಡು, ಆಪ್-ಟೀ (ಲಿನಕ್ಸಿನಿಂದ ಬೇರೆಯಾಗಿ ಓಡುವ ಸುರಕ್ಷಿತ ವ್ಯವಸ್ಥೆ) ಮೇಲೆ ವೇರಿಯಬಲ್‌ಗಳನ್ನು ನೋಡಿಕೊಳ್ಳುವ ಸ್ಟ್ಯಾಂಡಲೋನ್‌ಎಂಎಂ ಓಡಿಸಿ, ಇಎಂಎಂಸಿಯ ಆರ್‌ಪಿಎಂಬಿಯಲ್ಲಿ (ಕೀ ಇಲ್ಲದೆ ಬರೆಯಲಾಗದ ಭಾಗದಲ್ಲಿ) ಇಡುವುದು. ಆರ್‌ಪಿಎಂಬಿಯ 32 ಬೈಟ್ ಕೀಯನ್ನು ಒಮ್ಮೆ ಬರೆದರೆ ಮುಗಿಯಿತು, ಬದಲಿಸಲಾಗದು. ಆಪ್-ಟೀಯ ಟೆಸ್ಟ್ ಕೀ ಎಲ್ಲರಿಗೂ ಗೊತ್ತಿರುವಂಥದ್ದು. ಅದನ್ನು ಬರೆದ ಚಿಪ್ಪು ಲ್ಯಾಬಿಗಷ್ಟೇ ಲಾಯಕ್ಕು. ಫೀಲ್ಡಿನಲ್ಲಿ ಅಪ್‌ಡೇಟ್ ಆಗುವ ಸಾಧನಕ್ಕೆ, ಕೆಲಸ ಹೆಚ್ಚಾದರೂ, ಎರಡನೆಯದೇ ಮೇಲು.

ಇಷ್ಟಾದರೂ ಯುಇಎಫ್‌ಐ ಪರೀಕ್ಷಿಸುವುದು ಪಿಇ ಇಮೇಜುಗಳನ್ನು (ಇಎಫ್‌ಐ ಓಡಿಸುವ ಪ್ರೋಗ್ರಾಂ ಫೈಲುಗಳನ್ನು) ಮಾತ್ರ. ಇಎಸ್‌ಪಿಯಿಂದ ಎತ್ತಿಕೊಂಡ ಡಿವೈಸ್ ಟ್ರೀಗಾಗಲಿ (ಬೋರ್ಡಿನ ಹಾರ್ಡ್‌ವೇರ್ ವಿವರ, ಅದರ ಫೈಲು ಡಿಟಿಬಿ) ಬಿಡಿ ಇನಿಟ್‌ಆರ್‌ಡಿಗಾಗಲಿ (ಬೂಟಿನ ಆರಂಭಕ್ಕೆ ಬೇಕಾದ ಪುಟ್ಟ ಫೈಲ್ ಸಿಸ್ಟಂ) ತಪಾಸಣೆಯಿಲ್ಲ. ಯುಕಿಫೈ ಎಂಬ ಉಪಕರಣ ಬಳಸಿ ಕರ್ನೆಲ್, ಇನಿಟ್‌ಆರ್‌ಡಿ, ಕಮಾಂಡ್ ಲೈನ್, ಡಿಟಿಬಿ ಎಲ್ಲವನ್ನೂ ಒಂದೇ ಇಮೇಜ್ ಮಾಡಿ ಸಹಿ ಹಾಕುವುದು ವಾಸಿ. ಕನ್ಸೋಲಿನ 'ಬೂಟ್‌ಐ' ಕಮಾಂಡ್ ಈ ಸಹಿಯನ್ನು ಕೇಳುವುದೇ ಇಲ್ಲವಾದ್ದರಿಂದ ಅದನ್ನು ಬಿಲ್ಡಿನಿಂದ ತೆಗೆದು, ಬೂಟ್ ನಡುವೆ ಯಾರೂ ಕನ್ಸೋಲಿಗೆ ನುಗ್ಗದಂತೆ ಬೂಟ್‌ಡಿಲೇ -2 ಇಡಬೇಕು. ಯು-ಬೂಟನ್ನೇ ಪರೀಕ್ಷಿಸುವುದು ಅದಕ್ಕೂ ಮೊದಲು ಓಡುವ ಫರ್ಮ್‌ವೇರ್ ಟಿಎಫ್-ಎ. ಅದರ ಮೂಲ ಕೀಯ ಹ್ಯಾಶನ್ನು ಇ-ಫ್ಯೂಸಿಗೆ (ಒಮ್ಮೆ ಬರೆದರೆ ಅಳಿಸಲಾಗದ ಬಿಟ್‌ಗಳಿಗೆ) ಸುಡುವುದು ಎಲ್ಲಕ್ಕಿಂತ ಕೊನೆಗೆ.

ಸುಡುವ ಮುನ್ನ ಒಂದು ಪರೀಕ್ಷೆ: ಸಹಿಯಾದ ಇಮೇಜಿನ ಕರ್ನೆಲ್ ಭಾಗದಲ್ಲಿ ಒಂದು ಬೈಟ್ ಕೆಡಿಸಿ, ಪವರ್ ತೆಗೆದು ಹಾಕಿ ಬೂಟ್ ಮಾಡಿ. 'ಇಮೇಜ್ ನಾಟ್ ಅಥೆಂಟಿಕೇಟೆಡ್' ಎಂದು ನಿಲ್ಲಬೇಕು. ಡಿಟಿಬಿ ಭಾಗದಲ್ಲೂ ಹಾಗೇ ಮಾಡಿ ನೋಡಿ.