ಮೊಸರನ್ನಕ್ಕೆ ಕಿತ್ತುಬಂದ ಹಲ್ಲು

ಹಬ್ಬ ಮುಗಿದ ವಾರ ರಾಜಾಜಿನಗರದ ನಮ್ಮ ಡೆಂಟಲ್ ಲ್ಯಾಬಿಗೆ ಹಲ್ಲು ಸೆಟ್ ರಿಪೇರಿ ಸಾಲುಗಟ್ಟಿ ಬರುತ್ತೆ. ಚಕ್ಕುಲಿ, ಕೋಡುಬಳೆ ಮಹಿಮೆ. ಅದಕ್ಕೇ ಒಬ್ಬ ಅಜ್ಜನ ಸೆಟ್ಟಿನ ಮುಂದಿನ ಹಲ್ಲು ಎರಡು ಸಲ ಕಿತ್ತುಬಂದಾಗಲೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಬೇಯಿಸದೆ ತಾನೇ ಗಟ್ಟಿಯಾಗೋ ಸೆಲ್ಫ್ ಕ್ಯೂರ್ ಅಕ್ರಿಲಿಕ್ ಹಾಕಿ ಕೂರಿಸಿ ಕಳಿಸಿದೆ. ಮೂರನೇ ಸಲ ಡಾಕ್ಟರಮ್ಮನೇ ಫೋನ್ ಮಾಡಿದರು: "ಏನ್ರೀ ಇದು? ಅಜ್ಜ ಈ ಸಲ ತಿಂದಿದ್ದು ಮೊಸರನ್ನವಂತೆ."

ಅವತ್ತು ಸೆಟ್ಟನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಹಲ್ಲು ಕೂತಿದ್ದ ಗುಂಡಿ ಗಾಜಿನ ಹಾಗೆ ಹೊಳೀತಿತ್ತು. ಹಲ್ಲು ಗಟ್ಟಿಯಾಗಿ ಬೆಸೆದಿದ್ದರೆ, ಮುರಿದಾಗ ಗುಲಾಬಿ ಅಕ್ರಿಲಿಕ್ ಮೇಲೆ ಹಲ್ಲಿನ ಚೂರು ಒಂದಿಷ್ಟಾದರೂ ಉಳೀಬೇಕು. ಇಲ್ಲಿ ಒಂದು ಕಣವೂ ಇಲ್ಲ. ಅಂದರೆ ಅದು ಅಂಟಿಯೇ ಇರಲಿಲ್ಲ, ಸುಮ್ಮನೆ ಕೂತಿತ್ತು. ಪಕ್ಕದ ಹಲ್ಲುಗಳನ್ನು ಹೆಬ್ಬೆರಳಲ್ಲಿ ಒತ್ತಿದೆ. ಇನ್ನೆರಡು ಕೈಗೇ ಬಂದವು.

ಸಂಜೆ ನಮ್ಮ ಹುಡುಗನ ಪಕ್ಕ ನಿಂತು ನೋಡಿದೆ. ಫ್ಲಾಸ್ಕು ಅಂದರೆ ಸೆಟ್ಟಿನ ಪ್ಲಾಸ್ಟರ್ ಅಚ್ಚಿರೋ ಲೋಹದ ಡಬ್ಬಿ; ಅದರೊಳಗಿನ ಮೇಣದ ಮಾದರಿಯನ್ನು ಕುದಿನೀರಲ್ಲಿ ಕರಗಿಸಿ ತೊಳೆದು, ಆ ಜಾಗಕ್ಕೆ ಅಕ್ರಿಲಿಕ್ ತುಂಬ್ತೀವಿ. ಎಂಟು ಫ್ಲಾಸ್ಕಿಗೂ ಒಂದೇ ಕುದಿನೀರು. ಮೇಲೆ ಮೇಣ ಎಣ್ಣೆಯ ಹಾಗೆ ತೇಲ್ತಿದೆ. ಆ ನೀರು ತಾಗಿದ ಪ್ರತಿ ಹಲ್ಲಿಗೂ ಮೇಣದ ತೆಳು ಪೊರೆ. ಆಮೇಲೆ ಕೋಲ್ಡ್ ಮೋಲ್ಡ್ ಸೀಲ್ ಅದ್ದಿದ ಅಗಲ ಬ್ರಷ್ಷು ಪ್ಲಾಸ್ಟರ್ ಜೊತೆಗೆ ಹಲ್ಲಿನ ಬುಡದ ಮೇಲೂ ಸರ್ರನೆ ಹೋಯ್ತು. ಅಕ್ರಿಲಿಕ್ ಪ್ಲಾಸ್ಟರಿಗೆ ಅಂಟದಿರಲಿ ಅಂತಲೇ ಬಳಿಯೋ ಆಲ್ಜಿನೇಟ್ ದ್ರಾವಣ ಅದು. ಹಲ್ಲಿನ ಮೇಲೆ ಬಿದ್ದರೆ ಅಲ್ಲೂ ತನ್ನ ಕೆಲಸ ಮಾಡುತ್ತೆ, ಪಾಪ.

"ಹಲ್ಲಿಗ್ಯಾಕೋ ಬಳೀತೀಯ?"

"ನೀವೇ ಹೀಗೆ ತೋರಿಸಿದ್ದು ಅಣ್ಣ."

ನಿಜ. ಅವಸರದ ದಿನ ನಾನು ಮಾಡಿದ್ದನ್ನೇ ಅವನು ಕಲಿತಿದ್ದ.

ಅಕ್ರಿಲಿಕ್ ಹಲ್ಲು, ಕೆಳಗಿನ ಬೇಸು ಎರಡೂ ಒಂದೇ ಜಾತಿಯ ಪ್ಲಾಸ್ಟಿಕ್ಕು, ಪಿಎಂಎಂಎ. ಅಕ್ರಿಲಿಕ್ ಪುಡಿಗೆ ಕಲಸೋ ದ್ರವ, ಮಾನೋಮರ್, ಹಲ್ಲಿನ ಬುಡಕ್ಕೆ ಇಳಿದು ಅದನ್ನು ಸ್ವಲ್ಪ ಉಬ್ಬಿಸಿದರೆ ಮಾತ್ರ ಬೇಯುವಾಗ ಎರಡೂ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಸವೆಯಬಾರದು ಅಂತ ಹೆಚ್ಚು ಕ್ರಾಸ್‌ಲಿಂಕ್ ಮಾಡಿದ, ಅಂದರೆ ಒಳಗಿನ ಎಳೆಗಳನ್ನು ಒಂದಕ್ಕೊಂದು ಬಿಗಿದ ಹಲ್ಲು ಮಾನೋಮರನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳಲ್ಲ. ನಾವೋ ಅದರ ಮೇಲೆ ಮೇಣ ಬೇರೆ ಹಚ್ಚಿದ್ದೆವು. ಪಿಂಗಾಣಿ ಹಲ್ಲಿನ ಕತೆ ಬೇರೆ, ಅದಕ್ಕೆ ಪಿನ್ನು, ತೂತುಗಳೇ ಹಿಡಿತ.

ಈಗ ಸೋಪಿನ ಕುದಿನೀರಲ್ಲಿ ತೊಳೆದ ಮೇಲೆ ಬೇರೆ ಕೆಟಲಿನ ಶುದ್ಧ ಕುದಿನೀರು ಸುರೀತೀವಿ. ಸೀಲ್ ಬಳಿಯೋಕೆ ಸಣ್ಣ ಬ್ರಷ್ಷು; ಹಲ್ಲಿಗೆ ತಾಗಿದರೆ ಆ ಜಾಗ ಮತ್ತೆ ಉಜ್ಜಬೇಕು. ಪ್ರತಿ ಹಲ್ಲಿನ ಬುಡದ ಹೊಳಪನ್ನು ಬರ್ ಅನ್ನೋ ಸಣ್ಣ ತಿರುಗೋ ಬಿಟ್ಟಿನಿಂದ ಉಜ್ಜಿ ತೆಗೆದು, ಮಾನೋಮರ್ ಹಚ್ಚಿ, ಗಡಿಯಾರ ನೋಡಿಕೊಂಡು 3 ನಿಮಿಷ ಒದ್ದೆಯಾಗಿ ಇಡ್ತೀವಿ. ಅಕ್ರಿಲಿಕ್ ಹಿಟ್ಟಿನ ಹದಕ್ಕೆ ಬಂದ ಕೂಡಲೇ ಅಚ್ಚಿಗೆ ಪ್ಯಾಕಿಂಗು, ಚಹಾ ಆಮೇಲೆ. ಸೆಟ್ಟಿಗೆ ಇಪ್ಪತ್ತು ನಿಮಿಷ ಹೆಚ್ಚಾಗುತ್ತೆ, ಡೆಲಿವರಿ ಹುಡುಗ ಗೊಣಗ್ತಾನೆ.

ಅಜ್ಜನಿಗೆ ಹೊಸ ಸೆಟ್ಟು ನನ್ನ ಖರ್ಚಲ್ಲೇ ಆಯ್ತು. ಅಜ್ಜನ ಹಳೇ ಸೆಟ್ಟಿನ ಬ್ಯಾಚಿನ ಉಳಿದ ಮೂರು ಸೆಟ್ಟು ವಾಪಸ್ ಕಳಿಸಿ ಅಂತ ಡಾಕ್ಟರುಗಳಿಗೆ ಫೋನ್ ಮಾಡಿದೆ. ಒಂದು ಬಂತು. ಇನ್ನಿಬ್ಬರು, "ಬಿದ್ದಾಗ ನೋಡೋಣ ಬಿಡ್ರಿ" ಅಂದರು.