ನೆಲನೆಲ್ಲಿ ಕುಡಿದರೆ ಕಾಮಾಲೆ ಹೋಗುತ್ತಾ?

ನಮ್ಮ ಮಲೆನಾಡಿನ ಕಡೆ ಯಾರದ್ದಾದರೂ ಕಣ್ಣು ಹಳದಿಯಾಯಿತು ಅಂದರೆ ರಕ್ತ ಪರೀಕ್ಷೆಗೆ ಮೊದಲು ನೆಲನೆಲ್ಲಿ ಹುಡುಕುತ್ತಾರೆ. ಮಳೆಗಾಲದಲ್ಲಿ ಅಂಗಳದ ಅಂಚಲ್ಲಿ, ತೋಟದ ದಾರಿಯಲ್ಲಿ ತಾನಾಗಿ ಹುಟ್ಟುವ ಗಿಡ. ಎಲೆಕಡ್ಡಿ ಮಗುಚಿದರೆ ಅಡಿಯಲ್ಲಿ ಸಣ್ಣ ಸಣ್ಣ ಹಸಿರು ಕಾಯಿ ಸಾಲಾಗಿ ಕಾಣುತ್ತವೆ. ಬೇರು ಸಮೇತ ಕಿತ್ತು, ತೊಳೆದು, ಅರೆದು, ಮಜ್ಜಿಗೆಯಲ್ಲಿ ಕದಡಿ ಬೆಳಗ್ಗೆ ಖಾಲಿ ಹೊಟ್ಟೆಗೆ ಕೊಡುತ್ತಾರೆ. ಜೊತೆಗೆ ಎಣ್ಣೆ, ಖಾರ ಬಿಟ್ಟು ಪಥ್ಯ. ಕೆಲವು ವಾರದಲ್ಲಿ ಹಳದಿ ಇಳಿಯುತ್ತದೆ, ಮದ್ದು ಕೊಟ್ಟವರಿಗೆ ಹೆಸರು ಬರುತ್ತದೆ.

ಈ ಗಿಡವನ್ನು ಯಾರೂ ಪರೀಕ್ಷೆ ಮಾಡಿಲ್ಲ ಅಂತ ಕೆಲವರು, ವಿಜ್ಞಾನಿಗಳೇ ಒಪ್ಪಿಬಿಟ್ಟಿದ್ದಾರೆ ಅಂತ ಇನ್ನು ಕೆಲವರು ವಾದ ಮಾಡುತ್ತಾರೆ. ಎರಡೂ ಸರಿಯಲ್ಲ. ಸಂಶೋಧನೆ ನಡೆದಿದೆ, ಅದೂ ಪಕ್ಕದ ಮದ್ರಾಸಿನಲ್ಲೇ.

1988ರಲ್ಲಿ ಅಲ್ಲಿನ ಸಂಶೋಧಕ ತ್ಯಾಗರಾಜನ್ ಮತ್ತು ಅವರ ಸಂಗಡಿಗರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಜೊತೆಗಿದ್ದವರು ಬರೂಕ್ ಬ್ಲೂಮ್‌ಬರ್ಗ್. ಲಿವರ್‌ಗೆ ಉರಿಯೂತ ತಂದು ಕಾಮಾಲೆಗೂ ಕಾರಣವಾಗುವ ಹೆಪಟೈಟಿಸ್ ಬಿ ವೈರಸ್ಸಿನ ಸುಳಿವು ಹಿಡಿದು 1976ರಲ್ಲಿ ನೊಬೆಲ್ ಪಡೆದವರು, ಸಾಮಾನ್ಯರಲ್ಲ. ರಕ್ತದಲ್ಲಿ ಹೆಪಟೈಟಿಸ್ ಬಿ ಇಟ್ಟುಕೊಂಡಿದ್ದವರಿಗೆ 30 ದಿನ ನೆಲನೆಲ್ಲಿ ಪುಡಿ ಕೊಟ್ಟರು, ಇನ್ನೊಂದು ಗುಂಪಿಗೆ ಮದ್ದಿಲ್ಲದ ಹುಸಿ ಮಾತ್ರೆ. ಗಿಡದ ಮದ್ದು ತಗೊಂಡ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಇನ್ನೊಂದು ಗುಂಪಿನ 23 ಜನರಲ್ಲಿ ಒಬ್ಬರಿಗೆ ಮಾತ್ರ. ಓದಿದರೆ ಮೈ ಜುಮ್ಮೆನ್ನುತ್ತದೆ ಅಲ್ವಾ? ಆದರೆ ಇದು ಆರಂಭದ ಅಧ್ಯಯನ ಅಂತ ಅವರೇ ಹೇಳಿಕೊಂಡಿದ್ದರು, ಮತ್ತೆ ಮತ್ತೆ ಮಾಡಿ ನೋಡಬೇಕಿತ್ತು.

ಮಾಡಿ ನೋಡಿದರು. 1990ರಲ್ಲಿ ಥಾಯ್ಲೆಂಡ್‌ನಿಂದ ಬಂದ ವರದಿಯಲ್ಲಿ ಫಲ ಸಿಗಲಿಲ್ಲ, 1994ರಲ್ಲಿ ನ್ಯೂಜಿಲೆಂಡ್‌ನಲ್ಲೂ ಇಲ್ಲ. 2011ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯವರು ಆವರೆಗಿನ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗಲೂ ನಂಬುವಂಥ ಪುರಾವೆ ಸಿಗಲಿಲ್ಲ. ನನಗೆ ಇದರಲ್ಲಿ ಬೇಜಾರಿಗಿಂತ ಗೌರವವೇ ಜಾಸ್ತಿ. ಹಳ್ಳಿಯ ಮದ್ದನ್ನು ಯಾರೂ ತಳ್ಳಿಹಾಕಲಿಲ್ಲ, ದೇಶ ದೇಶದಲ್ಲಿ ಕೂತು ಪರೀಕ್ಷಿಸಿದರು.

ಹಾಗಾದರೆ ನಮ್ಮ ಕಣ್ಣೆದುರೇ ಹಳದಿ ಇಳಿದದ್ದು ಹೇಗೆ? ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಹೆಪಟೈಟಿಸ್ ಬಿ ದೊಡ್ಡವರಾದ ಮೇಲೆ ತಗುಲಿದರೆ, ನೂರಕ್ಕೆ 95 ಜನರ ದೇಹ ತಾನೇ ಅದನ್ನು ಹೊರಗೆ ಹಾಕುತ್ತದೆ. ಯಾವ ಸೊಪ್ಪು ಅರೆದು ಕೊಟ್ಟಿದ್ದರೂ ಇವರು ಗುಣ ಆಗುತ್ತಿದ್ದರು. ಪ್ರಯೋಗದಲ್ಲಿ ಹುಸಿ ಮಾತ್ರೆಯ ಗುಂಪು ಬೇಕಾಗುವುದು ಇದಕ್ಕೇ.

ಕಷ್ಟ ಇರುವುದು ಉಳಿದವರದ್ದು. ಹುಟ್ಟುವಾಗಲೇ ತಾಯಿಯಿಂದ ಹೆಪಟೈಟಿಸ್ ಬಿ ಬಂದರೆ, ಅಂಥ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳ ಲಿವರ್‌ನಲ್ಲಿ ಅದು ಉಳಿದುಬಿಡುತ್ತದೆ. ಕಣ್ಣು ಹಳದಿ ಆಗುವುದೇ ಇಲ್ಲ, ಹೊಟ್ಟೆ ನೋವಿಲ್ಲ, ಮದುವೆಯಾಗಿ ಮಕ್ಕಳಾಗಿ ಸಂಸಾರ ಸಾಗುತ್ತಿರುತ್ತದೆ, ಒಂದು ದಿನ ಹೊಟ್ಟೆಯಲ್ಲಿ ನೀರು ತುಂಬಿದಾಗ ನೋಡಿದರೆ ಸಿರೋಸಿಸ್ (ಲಿವರ್ ಗಾಯದ ಕಲೆಯಿಂದ ಗಟ್ಟಿಯಾಗುವುದು), ಇಲ್ಲಾ ಲಿವರ್ ಕ್ಯಾನ್ಸರ್. ಇನ್ನೊಂದು, ಗರ್ಭಿಣಿಯರಿಗೆ ಕೊನೆಯ ತಿಂಗಳುಗಳಲ್ಲಿ ಹೆಪಟೈಟಿಸ್ ಇ ಬಂದರೆ ಜೀವಕ್ಕೇ ಅಪಾಯ. ಅಲ್ಲಿ ಮಜ್ಜಿಗೆ ಮದ್ದು ಕೊಟ್ಟು ಕಾಯುತ್ತಾ ಕೂರಬಾರದು.

ಎಲ್‌ಎಫ್‌ಟಿ, ಅಂದರೆ ಲಿವರ್‌ನ ರಕ್ತ ಪರೀಕ್ಷೆಯ ರಿಪೋರ್ಟ್ ಬಗ್ಗೆಯೂ ಹೇಳಲೇಬೇಕು. ಎಲ್ಲರೂ ಎಸ್‌ಜಿಪಿಟಿ ಇಳಿಯಿತಾ ಅಂತ ಮಾತ್ರ ನೋಡುತ್ತಾರೆ. ಎಸ್‌ಜಿಪಿಟಿ ಅಂದರೆ ಲಿವರ್‌ನ ಜೀವಕೋಶ ಗಾಯಗೊಂಡಾಗ ರಕ್ತಕ್ಕೆ ಸೋರುವ ಕಿಣ್ವ. ಲಿವರ್ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಕಣ್ಣು ಹಳದಿ ಮಾಡುವ ಬಿಲಿರುಬಿನ್, ಲಿವರ್ ತಯಾರಿಸುವ ಪ್ರೋಟೀನ್ ಆಲ್ಬುಮಿನ್ ನೋಡಬೇಕು, ಎಲ್ಲಕ್ಕಿಂತ ಮುಖ್ಯವಾಗಿ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಹೇಳುವ ಪಿಟಿ-ಐಎನ್‌ಆರ್. ತೀರಾ ಕೆಟ್ಟ ಸ್ಥಿತಿಯಲ್ಲಿ ಸೋರಲು ಜೀವಕೋಶಗಳೇ ಉಳಿದಿರುವುದಿಲ್ಲ. ಆಗ ಎಸ್‌ಜಿಪಿಟಿ ಸರಸರ ಇಳಿಯುತ್ತದೆ, ಬಿಲಿರುಬಿನ್ ಮತ್ತು ಐಎನ್‌ಆರ್ ಮಾತ್ರ ಏರುತ್ತವೆ. ಮನೆಯವರು ಮದ್ದು ಹಿಡಿಯಿತು ಅಂತ ಖುಷಿಪಡುತ್ತಾರೆ. ರೋಗಿ ಮಂಕಾಗಿ, ಮಾತು ತಡವರಿಸತೊಡಗಿದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಗಿಡಮೂಲಿಕೆ ಅಂದಮಾತ್ರಕ್ಕೆ ತೊಂದರೆ ಇಲ್ಲ ಅನ್ನುವುದೂ ತಪ್ಪು. ಕೊರೊನಾ ಸಮಯದಲ್ಲಿ ಅಮೃತಬಳ್ಳಿ ಕಷಾಯ ಕುಡಿದ ಕೆಲವರ ಲಿವರ್‌ಗೆ ಪೆಟ್ಟು ಬಿದ್ದದ್ದನ್ನು 2021ರಲ್ಲಿ ಮುಂಬೈ ವೈದ್ಯರು ದಾಖಲಿಸಿದರು. ಅದು ಅಮೃತಬಳ್ಳಿಯೇ ಅಲ್ಲ, ಅದನ್ನು ಹೋಲುವ ಬೇರೆ ಬಳ್ಳಿ ಇರಬೇಕು ಅಂತ ಆಯುಷ್ ಸಚಿವಾಲಯ ತಕರಾರು ತೆಗೆಯಿತು. ಮರುವರ್ಷ ದೇಶದ ಹಲವು ಆಸ್ಪತ್ರೆಗಳು ಸೇರಿ ಅಂಥ 43 ರೋಗಿಗಳ ವರದಿ ಕೊಟ್ಟವು.

ಪಥ್ಯ ಮಾಡಿಸುವ ಅಜ್ಜಿಯ ಜೊತೆ ನನಗೆ ಜಗಳ ಇಲ್ಲ. ಯಾವ ಕಾಮಾಲೆ ಅಂತ ಮೊದಲು ಗೊತ್ತಾಗಲಿ ಅಂತಷ್ಟೇ ನನ್ನ ಒತ್ತಾಯ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಸಿ ಈಗ ಸುಮಾರು ಮೂರು ತಿಂಗಳ ಮಾತ್ರೆಗೆ ಗುಣವಾಗುತ್ತದೆ. ಬಿ ಪೂರ್ತಿ ಹೋಗುವುದು ಅಪರೂಪ, ಆದರೆ ಬೇಕಾದವರಿಗೆ ದಿನಕ್ಕೊಂದು ಮಾತ್ರೆ ಅದನ್ನು ಹದ್ದುಬಸ್ತಿನಲ್ಲಿಡುತ್ತದೆ. ಮನೆಯಲ್ಲಿ ಒಬ್ಬರಿಗೆ ಬಿ ಇದ್ದರೆ ಮಿಕ್ಕವರೂ ಪರೀಕ್ಷೆ ಮಾಡಿಸಿ, ಇಲ್ಲದವರು ಲಸಿಕೆ ಹಾಕಿಸಿಕೊಳ್ಳಿ. ಹೆರಿಗೆ ಇದ್ದರೆ, ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಬೀಳಬೇಕು ಅಂತ ಡಾಕ್ಟರ್‌ಗೆ ಮೊದಲೇ ಹೇಳಿಡಿ.